‘ಒಂದು ಪೈಸೆ ಮುಟ್ಟಿಲ್ಲ ಸ್ವಾಮಿ’

ನಿಗಮ, ಮಂಡಳಿಗಳ ಅಧ್ಯಕ್ಷಗಿರಿ ಹಂಚುವ ಕಾಲ ಬಂತೆಂದರೆ ನನ್ನ ಕಚೇರಿಯಲ್ಲಿ ಮೇಲಿನ ಮಾತು ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಅಂಥ ಹುದ್ದೆಯಿಂದ ತಮ್ಮ ಸದಸ್ಯತ್ವಕ್ಕೇ ಕುತ್ತು ಬಂದೀತೇ ಎಂದು ಕೇಳಲು ಬರುವ ಶಾಸಕರ ಮಾತದು. ಹಿಂದೊಮ್ಮೆ ಶಾಸಕರೊಬ್ಬರು ತಮ್ಮ ಬ್ಯಾಂಕ್ ಪಾಸ್‌ಬುಕ್ಕನ್ನೇ ಹಿಡಿದು ಬಂದಿದ್ದರು. ಮಂಡಳಿಯಿಂದ ಗೌರವಧನ ಜಮೆಯಾಗಿಲ್ಲವೆಂದು ತೋರಿಸಲು ಒಂದೊಂದು ಪುಟಕ್ಕೂ ಹಸಿರು ಶಾಯಿಯಲ್ಲಿ ಗುರುತು ಹಾಕಿದ್ದರು. ನೇಮಕಾತಿ ಆದೇಶ ಎಲ್ಲಿ ಎಂದು ಕೇಳಿದೆ. ಅದು ಕಾರಿನಲ್ಲಿತ್ತು.

ಸಂವಿಧಾನದ 191(1)(ಎ) ವಿಧಿ ಶಾಸಕರಿಗೂ 102(1)(ಎ) ವಿಧಿ ಸಂಸದರಿಗೂ ನಿಷೇಧಿಸಿರುವುದು ಸರ್ಕಾರದ ಅಧೀನದ ಲಾಭದಾಯಕ ಹುದ್ದೆಯನ್ನು. ಹಣ ಪಡೆದಿರೋ ಬಿಟ್ಟಿರೋ ಎಂಬುದು ಇಲ್ಲಿ ಮುಖ್ಯವಲ್ಲ. ಆ ಹುದ್ದೆಯಿಂದ ಹಣ ಪಡೆಯುವ ಹಕ್ಕು ನಿಮಗಿತ್ತೇ ಎಂಬುದು ಮುಖ್ಯ. ರಾಜ್ಯಸಭಾ ಸದಸ್ಯೆಯಾಗಿದ್ದ ಜಯಾ ಬಚ್ಚನ್ ಉತ್ತರ ಪ್ರದೇಶದ ಚಲನಚಿತ್ರ ಅಭಿವೃದ್ಧಿ ಪರಿಷತ್ತಿನ ಅಧ್ಯಕ್ಷೆಯೂ ಆಗಿದ್ದರು. ಆ ಹುದ್ದೆಗೆ ತಿಂಗಳಿಗೆ 5,000 ರೂಪಾಯಿ ಗೌರವಧನ ನಿಗದಿಯಾಗಿತ್ತು. ತಾವು ಏನನ್ನೂ ಪಡೆದಿಲ್ಲವೆಂಬ ಅವರ ವಾದವನ್ನು ಸುಪ್ರೀಂ ಕೋರ್ಟ್ 2006ರಲ್ಲಿ ಒಪ್ಪಲಿಲ್ಲ, ಸದಸ್ಯತ್ವ ಹೋಯಿತು. ‘ಗೌರವಧನ ಬೇಡವೆಂದು ನಾನೇ ಪತ್ರ ಕೊಟ್ಟಿದ್ದೇನಲ್ಲ’ ಎಂದರು ನಮ್ಮ ಶಾಸಕರು. ಬೇಡವೆನ್ನಬೇಕಾದರೆ ಅದು ಮೊದಲು ನಿಮ್ಮದಾಗಿರಬೇಕು. ಆ ಪತ್ರವೇ ನಿಮ್ಮ ವಿರುದ್ಧ ಸಾಕ್ಷಿಯಾದೀತು ಎಂದೆ. ಪಾಪ, ಒಳ್ಳೆಯ ಮನುಷ್ಯ, ಮುಖ ಸಪ್ಪಗಾಯಿತು.

ಸ್ವಲ್ಪ ಓದಿಕೊಂಡು ಬರುವವರು ಗುಬ್ಬಿಯ ಪ್ರಕರಣವನ್ನು ಮುಂದಿಡುತ್ತಾರೆ. ಗುಬ್ಬಿ ತಾಲ್ಲೂಕು ಅಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಸಭೆಯೊಂದಕ್ಕೆ ಸಿಗುತ್ತಿದ್ದ 6 ರೂಪಾಯಿ ಕೈಖರ್ಚಿನ ಭರ್ತಿಯೇ ಹೊರತು ಲಾಭವಲ್ಲವೆಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೆ ಜಾರ್ಖಂಡ್ ಪ್ರದೇಶ ಸ್ವಾಯತ್ತ ಮಂಡಳಿಯ ಅಧ್ಯಕ್ಷರಾಗಿದ್ದ ಶಿಬು ಸೊರೇನ್ ಅವರಿಗೆ ದಿನಭತ್ಯೆಯಲ್ಲದೆ ತಿಂಗಳಿಗೆ 1,750 ರೂಪಾಯಿ ಗೌರವಧನವೂ ಇದ್ದುದರಿಂದ 2001ರಲ್ಲಿ ಅವರ ರಾಜ್ಯಸಭಾ ಆಯ್ಕೆ ಅಸಿಂಧುವಾಯಿತು. ಖರ್ಚು ತುಂಬಿಕೊಡುವ ಭತ್ಯೆ ಬೇರೆ, ಅದರ ಮೇಲೆ ಕೈಯಲ್ಲಿ ಉಳಿಯುವ ಗೌರವಧನ ಬೇರೆ. ಇವೆರಡರ ನಡುವಿನ ಗೆರೆ ಆದೇಶದ ಒಕ್ಕಣೆಯಲ್ಲಿರುತ್ತದೆಯಾದ್ದರಿಂದ ಅದನ್ನು ಓದದೆ ನಾನು ಅಭಿಪ್ರಾಯ ಕೊಡುವುದಿಲ್ಲ. ಅನರ್ಹತೆಯಿಂದ ವಿನಾಯಿತಿ ನೀಡುವ ನಮ್ಮ ರಾಜ್ಯದ 1956ರ ಕಾಯ್ದೆಯ ಪಟ್ಟಿಯಲ್ಲಿ ಆ ಹುದ್ದೆ ಸೇರಿದ್ದರೆ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ತಿದ್ದುಪಡಿಗಳನ್ನೆಲ್ಲ ಕೂಡಿಸಿಕೊಂಡೇ ಆ ಪಟ್ಟಿಯನ್ನು ನೋಡಬೇಕು.

ಇಷ್ಟು ಕೇಳಿದ ಮೇಲೆ ಆ ಶಾಸಕರು ಗಾಬರಿಯಿಂದ, ‘ಹಾಗಾದರೆ ನನ್ನ ರೈಸ್ ಮಿಲ್ ಮುಚ್ಚಬೇಕೇ?’ ಎಂದು ಕೇಳಿದರು. ಅದೇಕೆ ಮುಚ್ಚಬೇಕು? ಸ್ವಂತ ವ್ಯಾಪಾರ ಸರ್ಕಾರದ ಹುದ್ದೆಯಲ್ಲ. ಶಾಸಕರು, ಸಂಸದರು ವಕೀಲಿಕೆಯನ್ನೂ ಮಾಡಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಏಕೆಂದರೆ ಅವರು ಸರ್ಕಾರದ ಪೂರ್ಣಾವಧಿ ಸಂಬಳದ ನೌಕರರಲ್ಲ. ಮಂತ್ರಿಯಾದರೆ ಮಾತು ಬೇರೆ: ಮಾಲೀಕತ್ವ ಉಳಿಸಿಕೊಂಡರೂ ವ್ಯಾಪಾರದ ಆಡಳಿತದಿಂದ ದೂರ ಸರಿಯಬೇಕೆಂದು ಸಚಿವರ ನಡತೆ ಸಂಹಿತೆ ಹೇಳುತ್ತದೆ.

‘ಮಿಲ್ಲಿನಿಂದ ಸರ್ಕಾರಕ್ಕೆ ಅಕ್ಕಿ ಕೊಡುತ್ತೀರಾ?’ ಎಂದು ಕೇಳಿದೆ. ಸರ್ಕಾರಕ್ಕೆ ಸರಕು ಪೂರೈಸುವ ಗುತ್ತಿಗೆ ಚಾಲ್ತಿಯಲ್ಲಿದ್ದರೆ 1951ರ ಜನಪ್ರತಿನಿಧಿ ಕಾಯ್ದೆಯ 9ಎ ಕಲಮಿನಡಿ ಅನರ್ಹತೆ ಎದುರಾಗುತ್ತದೆ. ಅವರು ಉತ್ತರಿಸದೆ ಎದ್ದರು. ಆದೇಶದ ಜೊತೆಗೆ ಗುತ್ತಿಗೆಯ ಕಾಗದವನ್ನೂ ತರುವಂತೆ ಡ್ರೈವರ್‌ಗೆ ಫೋನ್ ಮಾಡಿದರು.