‘ನಾಕ್ ಅಪ್’ ಅಂದರೆ ಎಬ್ಬಿಸುವುದೋ, ಬಸಿರು ಮಾಡುವುದೋ?

1888ರ ಆಗಸ್ಟ್ 31. ಲಂಡನ್ನಿನ ವೈಟ್‌ಚಾಪೆಲ್. ಬೆಳಗಿನ ಜಾವ ನಾಲ್ಕಾಗಲು ಇನ್ನೂ ಕಾಲು ಗಂಟೆ ಇತ್ತು. ಕೆಲಸಕ್ಕೆ ಹೊರಟಿದ್ದ ಇಬ್ಬರು ಗಾಡಿಯವರು ದಾರಿಯಲ್ಲಿ ಸಿಕ್ಕ ಪೊಲೀಸನಿಗೆ, ಅಲ್ಲಿ ಬಕ್ಸ್ ರೋ ಬೀದಿಯಲ್ಲಿ ಒಬ್ಬ ಹೆಂಗಸು ಬಿದ್ದಿದ್ದಾಳೆ ಅಂದರು. ಆಕೆ ಮೇರಿ ಆನ್ ನಿಕೋಲ್ಸ್. ಜ್ಯಾಕ್ ದಿ ರಿಪ್ಪರ್ ಕೊಂದವರಲ್ಲಿ ಮೊದಲನೆಯವಳು ಅಂತ ಬಹಳ ಜನ ಲೆಕ್ಕ ಹಾಕುವುದು ಇವಳನ್ನೇ. ಪೊಲೀಸನ ಹೆಸರು ಜೋನಾಸ್ ಮೈಜೆನ್. ಮುಂದೆ ವಿಚಾರಣೆಯಲ್ಲಿ ಜ್ಯೂರಿಯವನೊಬ್ಬ ಅವನಿಗೆ ಕೇಳಿದ ಪ್ರಶ್ನೆ ಇದು: ಸುದ್ದಿ ಕೇಳಿದ ಮೇಲೂ ನೀನು ಜನರನ್ನು ‘ನಾಕ್ ಅಪ್’ ಮಾಡುತ್ತಲೇ ಇದ್ದೆಯಾ? ಇಲ್ಲ, ಶುರು ಮಾಡಿದ್ದ ಒಬ್ಬರದ್ದು ಮುಗಿಸಿ ಹೊರಟೆ ಅಂದ ಮೈಜೆನ್.

ಇದನ್ನು ಇವತ್ತು ಒಬ್ಬ ಅಮೆರಿಕನ್ನನಿಗೆ ಓದಿಸಿ, ಮುಖ ನೋಡಬೇಕು. ಅವರ ಇಂಗ್ಲಿಷಿನಲ್ಲಿ ನಾಕ್ ಅಪ್ ಮಾಡುವುದು ಅಂದರೆ ಬಸಿರು ಮಾಡುವುದು, ಅದೂ ಬಹಳ ಸಲ ಬೇಡದ ಬಸಿರು. 2007ರ ಒಂದು ಹಾಲಿವುಡ್ ಕಾಮಿಡಿಗೆ ಇದೇ ಹೆಸರಿತ್ತು, ಕಥೆಯೂ ಅದೇ. ಪಾಪ ಮೈಜೆನ್ ಮಾಡುತ್ತಿದ್ದದ್ದು ಮಾತ್ರ ಬಾಗಿಲು ತಟ್ಟಿ ಜನರನ್ನು ಎಬ್ಬಿಸುವ ಕೆಲಸ. ರಾತ್ರಿ ಗಸ್ತು ತಿರುಗುವ ಪೊಲೀಸರು ಆಗ ಕಾಸಿಗೋಸ್ಕರ ಇದನ್ನೂ ಮಾಡುತ್ತಿದ್ದರು.

ಎಬ್ಬಿಸುವ ಅರ್ಥವೇ ಹಳೆಯದು, 1660ರ ದಶಕದಿಂದ ಇದೆ. ನಾಕ್ ಅಂದರೆ ತಟ್ಟು. ಅಪ್ ಅಂದರೆ ಮೇಲೆ. ತಟ್ಟಿದರೆ ಮಲಗಿದವನು ಮೇಲೇಳುತ್ತಾನೆ, ಅಷ್ಟೇ ತಾನೆ. ಆದರೆ ಈ ‘ಅಪ್’ ಅನ್ನುವುದು ಬರೀ ಮೇಲೆ ಅಂತ ಸುಮ್ಮನೆ ಕೂರುವ ಪದವಲ್ಲ. ಈಟ್ ಅಪ್ ಅಂದರೆ ತಿಂದು ಮುಗಿಸು, ಅಲ್ಲಿ ಮೇಲೆ ಹೋಗುವುದು ಏನೂ ಇಲ್ಲ. ನಾವು ‘ತಿಂದುಬಿಡು’ ಅಂದಾಗ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ಅಪ್ ಮಾಡುತ್ತದೆ. ತಿಂದುಬಿಟ್ಟವನು ಏನನ್ನು ಬಿಟ್ಟ ಅಂತ ಕೇಳಿದರೆ ಉತ್ತರ ಇದೆಯಾ? ಸಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಇದನ್ನು ಬರೆದಿದ್ದ: ಕ್ರಿಯಾಪದದ ನಂತರ ಒಂದು ಚೂರು ಪದ ಸೇರಿಸಿ ಅರ್ಥ ತಿರುಗಿಸುವ ಈ ಅಭ್ಯಾಸವೇ ಹೊರಗಿನವರಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಅಂತ. ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಅನ್ನುವ ಹೆಸರು ಬಳಕೆಗೆ ಬಂದದ್ದು ಬಹಳ ತಡವಾಗಿ. 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನು ಪುಸ್ತಕದಲ್ಲಿ ಬಳಸಿದ, ಹೆಸರು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಅಂತಲೂ ಹೇಳಿದ. ಶಾಲೆಯಲ್ಲಿ ನಮಗೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ ಪಾಪ ಅವರದ್ದಲ್ಲ ಬಿಡಿ.

ಈ ತಟ್ಟುವ ಕೆಲಸಕ್ಕೆ ದೊಡ್ಡ ಕಾಲ ಬಂದದ್ದು ಕಾರ್ಖಾನೆಗಳ ಜೊತೆ. ಲ್ಯಾಂಕಾಶೈರಿನ ಹತ್ತಿ ಗಿರಣಿಗಳಲ್ಲಿ ಬೆಳಗ್ಗೆ ಬೇಗ ಕೆಲಸ ಶುರು, ತಡವಾದರೆ ಕೂಲಿಗೆ ಕತ್ತರಿ. ಅಲಾರಂ ಗಡಿಯಾರ ಕೂಲಿಯವರ ಕೈಗೆ ಸಿಗುವ ಬೆಲೆಯದ್ದಲ್ಲ. ಹಾಗಾಗಿ ‘ನಾಕರ್-ಅಪ್’ ಅಂತ ಒಂದು ಕಸುಬೇ ಹುಟ್ಟಿತು. ಗಂಡಸರು, ಹೆಂಗಸರು, ಅದರಲ್ಲೂ ವಯಸ್ಸಾದವರು ಉದ್ದನೆಯ ಬಿದಿರು ಕೋಲು ಹಿಡಿದು ಬೀದಿ ಬೀದಿ ಸುತ್ತುತ್ತಿದ್ದರು. ಕೋಲಿನ ತುದಿಗೆ ತಂತಿ ಕಟ್ಟಿರುತ್ತಿತ್ತು, ಅದರಲ್ಲಿ ಮಹಡಿಯ ಕಿಟಕಿ ಗಾಜನ್ನು ಟಕಟಕ ಅನ್ನಿಸುವುದು. ಬಾಗಿಲು ಬಡಿದರೆ ಏನಾಗುತ್ತದೆ ಗೊತ್ತಲ್ಲ, ದುಡ್ಡು ಕೊಡದ ಪಕ್ಕದ ಮನೆಯವನಿಗೂ ಪುಕ್ಕಟೆ ಎಚ್ಚರ! ಲಂಡನ್ನಿನ ಈಸ್ಟ್ ಎಂಡಿನಲ್ಲಿ ಮೇರಿ ಸ್ಮಿತ್ ಅನ್ನುವ ಹೆಂಗಸು ಕೋಲಿನ ಗೋಜಿಗೇ ಹೋಗಲಿಲ್ಲ. ರಬ್ಬರ್ ಕೊಳವೆಯಲ್ಲಿ ಒಣ ಬಟಾಣಿ ಇಟ್ಟು ಉಫ್ ಅಂತ ಊದಿ ಕಿಟಕಿಗೆ ಹೊಡೆಯುತ್ತಿದ್ದಳು. ವಾರಕ್ಕೆ ಆರು ಪೆನ್ಸ್. ಆಕೆ ಕೆನ್ನೆ ಉಬ್ಬಿಸಿಕೊಂಡು ಊದುತ್ತಿರುವ ಫೋಟೋ ಈಗಲೂ ಇಂಟರ್ನೆಟ್ಟಿನಲ್ಲಿ ಓಡಾಡುತ್ತಿರುತ್ತದೆ, ನೀವೂ ನೋಡಿರಬಹುದು.

ನನಗೆ ಇದಕ್ಕಿಂತ ಇಷ್ಟವಾದದ್ದು ಡರ್ಹಮ್ ಕಡೆಯ ಕಲ್ಲಿದ್ದಲು ಗಣಿಗಳ ಪದ್ಧತಿ. ಫೆರಿಹಿಲ್ ಅನ್ನುವ ಊರಿನಲ್ಲಿ ಗಣಿ ಕೆಲಸದವರ ಮನೆಯ ಹೊರಗೋಡೆಗೆ ಒಂದು ಸ್ಲೇಟು ಕೂರಿಸಿರುತ್ತಿದ್ದರು. ಯಾವ ಪಾಳಿಗೆ ಹೋಗಬೇಕು ಅಂತ ಅದರ ಮೇಲೆ ಬರೆದು ಮಲಗಿದರೆ ಸಾಕು, ಗಣಿ ಕಂಪನಿಯೇ ಸಂಬಳ ಕೊಟ್ಟು ಇಟ್ಟುಕೊಂಡ ನಾಕರ್-ಅಪ್ ಬಂದು ಓದಿ ಆ ಹೊತ್ತಿಗೆ ಎಬ್ಬಿಸುತ್ತಿದ್ದ. ಆ ಸ್ಲೇಟಿಗೆ ‘ವೇಕ್-ಅಪ್ ಸ್ಲೇಟ್’ ಅಂತ ಹೆಸರು. ಸರಿ, ನಾಕರ್-ಅಪ್‌ನನ್ನು ಎಬ್ಬಿಸುವವರು ಯಾರು? ಆ ಕಾಲದಲ್ಲೇ ಇದರ ಮೇಲೆ ನಾಲಿಗೆ ತೊಡರುವ ಪದ್ಯ ಕಟ್ಟಿದ್ದರು. ಉತ್ತರ ಏನಪ್ಪಾ ಅಂದರೆ ಅವರು ರಾತ್ರಿ ಮಲಗುತ್ತಲೇ ಇರಲಿಲ್ಲ, ಹಗಲು ನಿದ್ದೆ. ಅಗ್ಗದ ಅಲಾರಂ ಬಂದ ಮೇಲೆ, 1940–50ರ ಹೊತ್ತಿಗೆ ಕಸುಬು ಹೆಚ್ಚುಕಮ್ಮಿ ಮುಗಿಯಿತು. ಕೆಲವು ಊರುಗಳಲ್ಲಿ ಮಾತ್ರ 1970ರ ದಶಕದ ಶುರುವಿನವರೆಗೆ ಎಳೆದುಕೊಂಡು ಬಂತು.

ಈ ನಡುವೆ ಇನ್ನೊಂದು ಅರ್ಥ ಪಕ್ಕದಲ್ಲೇ ಬೆಳೆದಿತ್ತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ‘ನಾಕ್ಡ್ ಅಪ್’ ಆಗಿದ್ದೇನೆ ಅಂದರೆ ಸುಸ್ತು ಹೊಡೆದುಹೋಗಿದ್ದೇನೆ ಅಂತ. ಜೇನ್ ಆಸ್ಟಿನ್‌ಳ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಕಾದಂಬರಿಯಲ್ಲಿ ನಾಯಕಿ ಫ್ಯಾನಿಯ ಬಗ್ಗೆ, ದಿನಾ ಸರಿಯಾಗಿ ವ್ಯಾಯಾಮ ಮಾಡಿದ್ದರೆ ಇಷ್ಟು ಬೇಗ ನಾಕ್ಡ್ ಅಪ್ ಆಗುತ್ತಿರಲಿಲ್ಲ ಅನ್ನುವ ಮಾತು ಬರುತ್ತದೆ. ಆ ಕಾದಂಬರಿ ಬಂದದ್ದು 1814ರಲ್ಲಿ. ಬಸಿರಿನ ಅರ್ಥಕ್ಕೆ ಅಮೆರಿಕದಲ್ಲಿ ಸಿಕ್ಕಿರುವ ಹಳೆಯ ದಾಖಲೆ 1813ರದ್ದು! ಒಂದೇ ವರ್ಷದ ಅಂತರ. ಸಮುದ್ರದ ಈಚೆ ಮರ್ಯಾದಸ್ಥರ ಮನೆಯ ಹಜಾರದಲ್ಲಿ ಕೂತು ಆಡಬಹುದಾದ ಮಾತು, ಆಚೆ ದಡದಲ್ಲಿ ಹೆಂಗಸರ ಮುಂದೆ ಬಾಯಿಬಿಡಬಾರದ ಮಾತು.

ಹೀಗೇಕಾಯಿತು? ಒಂದು ಸುಳಿವು ಇದೆ. ಬರೀ ‘ನಾಕ್’ ಅನ್ನುವುದಕ್ಕೇ 16ನೇ ಶತಮಾನದ ಕೊನೆಯಿಂದ ಇಂಗ್ಲಿಷ್ ಪೋಲಿ ಮಾತಿನಲ್ಲಿ ಕೂಡುವುದು ಅನ್ನುವ ಅರ್ಥ ಇತ್ತು. ಅದಕ್ಕೆ ಅಪ್ ಸೇರಿ ಕೆಲಸ ‘ಪೂರ್ತಿ’ ಆಗಿರಬಹುದು ಅಂತ ನನ್ನ ಅಂದಾಜು, ತಿಂದುಬಿಡು ಥರ. ಅಂದರೆ ಎಬ್ಬಿಸುವುದರಿಂದ ಬಸಿರಿಗೆ ಅರ್ಥ ಜಾರಿತು ಅಂತ ಕಥೆ ಕಟ್ಟುವ ಅಗತ್ಯವೇ ಇಲ್ಲ.

ಇದರಿಂದ ಆಗುವ ಪೇಚಾಟವೂ ಹೊಸದಲ್ಲ. 1860ರ ದಶಕದಲ್ಲಿ ಜಾನ್ ಕ್ಯಾಮ್ಡನ್ ಹಾಟೆನ್ ತನ್ನ ಆಡುಮಾತಿನ ನಿಘಂಟಿನಲ್ಲಿ ಸುಸ್ತಿನ ಅರ್ಥ ಕೊಟ್ಟು, ಅಮೆರಿಕದಲ್ಲಿ ಇದಕ್ಕೆ ಬಸಿರು ಅಂತ ಅರ್ಥ, ನಮ್ಮ ಇಂಗ್ಲಿಷರು ಅಲ್ಲಿ ಹೋಗಿ ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಎಚ್ಚರಿಕೆಯನ್ನೂ ಬರೆದ. ಅಂದರೆ ‘ಬೆಳಗ್ಗೆ ನನ್ನನ್ನು ನಾಕ್ ಅಪ್ ಮಾಡಿ’ ಅಂತ ಇಂಗ್ಲಿಷ್ ಹುಡುಗಿ ಅಮೆರಿಕನ್ ಸೈನಿಕನಿಗೆ ಹೇಳುವ ಜೋಕು, ಎರಡನೇ ಮಹಾಯುದ್ಧದ ಹೆಸರಿನಲ್ಲಿ ಇವತ್ತಿಗೂ ಹೇಳುತ್ತಾರಲ್ಲ, ಅದರ ಬೇರು ಯುದ್ಧಕ್ಕಿಂತ ಎಷ್ಟೋ ಹಳೆಯದು.

ಬ್ರಿಟನ್ನಿನಲ್ಲಿ ಇನ್ನೂ ಕೆಲವು ಅರ್ಥಗಳಿವೆ. ಮನೆಯಲ್ಲಿ ಏನಿದೆಯೋ ಅದರಲ್ಲೇ ಬೇಗ ಒಂದು ಊಟ ಮಾಡಿ ಇಡುವುದಕ್ಕೂ ನಾಕ್ ಅಪ್ ಅನ್ನುತ್ತಾರೆ. ಇದು ನಮಗೆ ವಿಚಿತ್ರ ಅನ್ನಿಸಬಾರದು, ನಾವು ರೊಟ್ಟಿ ತಟ್ಟುವವರು. ಬಾಗಿಲನ್ನೂ ತಟ್ಟುತ್ತೇವೆ, ಬೆರಣಿಯನ್ನೂ ತಟ್ಟುತ್ತೇವೆ, ಬೆಲೆ ಏರಿಕೆಯ ಬಿಸಿಯೂ ತಟ್ಟುತ್ತದೆ, ಶಾಪವೂ ತಟ್ಟುತ್ತದೆ. ಕನ್ನಡ ಕಲಿಯುವವನೊಬ್ಬ ಈ ಪಟ್ಟಿ ನೋಡಿ ತಲೆ ಚಚ್ಚಿಕೊಂಡರೆ ತಪ್ಪಿಲ್ಲ. ‘ಹೊಡೆ’ಯ ಸುದ್ದಿಗಂತೂ ಹೋಗುವುದೇ ಬೇಡ: ನಿದ್ದೆ ಹೊಡಿ, ಫೋನ್ ಹೊಡಿ, ಕಾಪಿ ಹೊಡಿ, ಲೈನ್ ಹೊಡಿ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದದ ಕಟ್ಟನ್ನು ಮೇಜಿನ ಮೇಲೆ ಟಪಟಪ ತಟ್ಟಿ ಅಂಚು ಸಮ ಮಾಡುವುದನ್ನು ನೋಡಿದ್ದೀರಲ್ಲ? ಇಂಗ್ಲಿಷ್ ಪ್ರೆಸ್ಸಿನವರ ಭಾಷೆಯಲ್ಲಿ ಅದೂ ನಾಕ್ ಅಪ್ಪೇ.

ಈಗ ಎಬ್ಬಿಸುವ ಅರ್ಥ ಬ್ರಿಟನ್ನಿನಲ್ಲೂ ಹಳಬರ ಬಾಯಿಗೆ ಸರಿದಿದೆ. ಎಬ್ಬಿಸುವ ಕಸುಬು ಹೋಯಿತು, ಹಾಲಿವುಡ್ ಸಿನಿಮಾಗಳೂ ಇವೆ, ಹುಡುಗರ ಕಿವಿಗೆ ಮೊದಲು ಬೀಳುವುದೇ ಅಮೆರಿಕದ ಅರ್ಥ. ಟೆನಿಸ್ ಮತ್ತು ಸ್ಕ್ವಾಶ್ ಕೋರ್ಟುಗಳಲ್ಲಿ ಮಾತ್ರ ಹಳೇ ತಟ್ಟಾಟ ಉಳಿದುಕೊಂಡಿದೆ. ಪಾಯಿಂಟ್ ಎಣಿಸುವ ಮುಂಚೆ ಇಬ್ಬರೂ ಕೈ ಸಡಿಲ ಮಾಡಿಕೊಳ್ಳಲು ಚೆಂಡನ್ನು ಆಚೆ ಈಚೆ ಹೊಡೆಯುತ್ತಾರಲ್ಲ, ಬ್ರಿಟಿಷರಿಗೆ ಅದು ನಾಕ್-ಅಪ್. ಅಮೆರಿಕದವರು ಅದನ್ನು ವಾರ್ಮ್-ಅಪ್ ಅನ್ನುತ್ತಾರೆ.