ಆರ್ಡರ್ ಕಮ್ಮಿ ಆದರೆ ಮೊದಲು ಯಾರನ್ನು ಬಿಡಿಸೋದು?

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಮಶೀನ್ ಶಾಪ್‌ನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಗಾಡಿ ಪಾರ್ಟ್ಸ್ ಆರ್ಡರ್ ಅರ್ಧಕ್ಕೆ ಇಳಿದಿದೆ. ಯಾರನ್ನು ಬಿಡಿಸಬೇಕು, ಪಟ್ಟಿ ಕೊಡು ಅಂತಾರೆ ಮಾಲಕರು. ನನ್ನ ಕೆಲಸವೇ ಉಳಿಯುತ್ತೋ ಇಲ್ಲವೋ. ಏನು ಮಾಡಲಿ?

ಉತ್ತರ: ಪಟ್ಟಿ ಕೊಡೋಕೆ ಸ್ವಲ್ಪ ಟೈಮ್ ಕೇಳಿ. ಅದರಲ್ಲಿ ಮೊದಲನೇ ಹೆಸರು ಯಾರದು ಅಂತ ನೋಡದೇ ಹೇಳಬಹುದು. ಹಳೇ ಲೇತ್ (ಲೋಹ ತಿರುಗಿಸಿ ಕಡಿಯೋ ಮಶೀನ್) ಮೇಲಿನ ಹಿರಿಯ ಟರ್ನರ್, ಅಲ್ವಾ? ಪಗಾರ ಜಾಸ್ತಿ, ಸಿಎನ್‌ಸಿ, ಅಂದರೆ ಕಂಪ್ಯೂಟರ್ ಮಶೀನ್ ನಡೆಸೋಕೆ ಬರಲ್ಲ. ಆದರೆ ಈಗ ನಿಮಗೆ ಬೇಕಾಗಿರೋದು ಅವರೇ.

ನಿಮ್ಮ ತೊಂದರೆ ಆಳು ಜಾಸ್ತಿ ಆಗಿದ್ದಲ್ಲ, ಗಿರಾಕಿ ಒಂದೇ ನಮೂನೆಯವರು ಇರೋದು. ನಮ್ಮ ಸುತ್ತ ಸಕ್ಕರೆ ಕಾರ್ಖಾನೆ ಎಷ್ಟಿವೆ ನೋಡಿ. ಬೇಸಿಗೆ ಹೊತ್ತಿಗೆ ಕಬ್ಬು ನುರಿಸೋದು ಮುಗಿಯುತ್ತೆ, ಆಮೇಲೆ ಮುಂದಿನ ಹಂಗಾಮಿನವರೆಗೆ ಪಂಪು, ಗೇರ್‌ಬಾಕ್ಸು, ರೋಲರ್ ಎಲ್ಲಾ ಬಿಚ್ಚಿ ರಿಪೇರಿ ಮಾಡ್ತಾರೆ. ಆ ಕೆಲಸ ಕೇಳೋಕೆ ಹೋಗಿ. ಅಲ್ಲಿಂದ ಬರೋ ಕೆಲಸಕ್ಕೆ ಡ್ರಾಯಿಂಗ್ ಇರಲ್ಲ ಅನ್ನೋದು ಗೊತ್ತಿರಲಿ. ಗೋಣಿಚೀಲದಲ್ಲಿ ಸುತ್ತಿದ ಸವೆದ ಶಾಫ್ಟ್ ತಂದು ಮೇಜಿನ ಮೇಲೆ ಇಡ್ತಾರೆ, ಅಷ್ಟೇ. ಬೇರಿಂಗ್ ಕೂರೋ ಜಾಗ ತಿಂದು ಹೋಗಿರುತ್ತೆ, ಅದರ ಮೂಲ ಅಳತೆ ಎಷ್ಟಿತ್ತು ಅಂತ ಬೇರಿಂಗ್ ನಂಬರ್ ನೋಡಿ, ಸವೆಯದ ಕಡೆ ಮೈಕ್ರೋಮೀಟರ್ ಹಿಡಿದು ಲೆಕ್ಕ ಹಾಕಬೇಕು. ಪ್ರೋಗ್ರಾಂ ಹಾಕಿ ಬಟನ್ ಒತ್ತೋ ಹುಡುಗರಿಗೆ ಇದು ಹೊಸದು, ಆ ಟರ್ನರ್‌ಗೆ ದಿನದ ಮಾತು. ಅವರ ಪಕ್ಕ ಇಬ್ಬರು ಹುಡುಗರನ್ನು ನಿಲ್ಲಿಸಿ. ಅಳತೆ ಅವರು ತೆಗೆಯಲಿ, ಡ್ರಾಯಿಂಗ್ ಹುಡುಗರು ಮಾಡಲಿ.

ಹತ್ತರಗಿ ಕಡೆ ವಿಮಾನದ ಭಾಗ ಮಾಡ್ತಾರಲ್ಲ, ಅದಕ್ಕೆ ಹೋಗೋಣ ಅಂತ ಯಾರಾದರೂ ಹೇಳಬಹುದು. ಒಳ್ಳೇದೇ, ಆದರೆ ಎಎಸ್9100 ಅನ್ನೋ ವಿಮಾನ ಉದ್ಯಮದ ಗುಣಮಟ್ಟದ ಸರ್ಟಿಫಿಕೇಟು, ತಪಾಸಣೆ, ಹೊಸ ಉಪಕರಣ ಅಂತ ಕೈಯಲ್ಲಿ ದುಡ್ಡಿಲ್ಲದ ಹೊತ್ತಲ್ಲಿ ಶುರು ಮಾಡೋ ಕೆಲಸ ಅಲ್ಲ ಅದು.

ಹೊಸ ಗಿರಾಕಿ ಬಂದರೂ ಬಿಲ್ ಬಾಕಿ ಬಿದ್ದರೆ ಕಷ್ಟ ತಪ್ಪಲ್ಲ (ಸಕ್ಕರೆ ಕಾರ್ಖಾನೆ ಬಾಕಿ ಅಂದರೇನು ಅಂತ ಕಬ್ಬು ಬೆಳೆದವರನ್ನು ಕೇಳಿ). ನಿಮ್ಮ ಶಾಪ್‌ಗೆ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಇದೆಯಾ ನೋಡಿ. 2006ರ ಎಂಎಸ್ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕದ ಬಿಲ್ಲನ್ನು, ಲಿಖಿತ ಒಪ್ಪಂದ ಇದ್ದರೂ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಆರ್ಡರ್ ತಗೊಳ್ಳುವಾಗಲೇ ಇದನ್ನು ಬರೆಸಿಕೊಳ್ಳಿ.

ಹುಡುಗರಿಗೆ ಏನೂ ಹೇಳದೆ ಇರಬೇಡಿ. ಚಹಾ ಅಂಗಡಿಯಲ್ಲಿ ಹಬ್ಬೋ ಸುದ್ದಿ ಯಾವಾಗಲೂ ಇರೋದಕ್ಕಿಂತ ಕೆಟ್ಟದಾಗಿರುತ್ತೆ, ಮತ್ತೆ ಮೊದಲು ಬಿಟ್ಟು ಹೋಗೋರು ಚಲೋ ಕೆಲಸಗಾರರೇ. ಒಟಿ ನಿಲ್ಲುತ್ತೆ, ಎರಡನೇ ಶಿಫ್ಟ್ ಇರಲ್ಲ, ಇಷ್ಟು ತಿಂಗಳ ಕೆಲಸ ಕೈಯಲ್ಲಿದೆ ಅಂತ ನೇರವಾಗಿ ಹೇಳಿಬಿಡಿ.

ಇನ್ನು ನಿಮ್ಮ ವಿಷಯ. ರೇಟ್ ಹಾಕೋದು ಕಲಿಯಿರಿ. ಮಶೀನ್ ಗಂಟೆಗೆ ಎಷ್ಟು ಬೀಳುತ್ತೆ, ಇನ್ಸರ್ಟ್ (ಲೋಹ ಕಡಿಯೋ ತುದಿ) ಎಷ್ಟು ಸವೆಯುತ್ತೆ, ರಿಜೆಕ್ಷನ್ ಎಷ್ಟು, ಎಲ್ಲಾ ಸೇರಿಸಿ ಕೊಟೇಶನ್ ಬರೆಯೋ ಸೂಪರ್‌ವೈಸರ್‌ನ ಯಾವ ಮಾಲಕರೂ ಸುಲಭಕ್ಕೆ ಕೆಲಸ ಬಿಡಿಸಲ್ಲ. ಜೊತೆಗೆ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ನೋಡ್ತಾ ಇರಿ. ಹೋದ ತಿಂಗಳಿನ ಹಣವನ್ನು ಈ ತಿಂಗಳ 15ರೊಳಗೆ ಕಟ್ಟಬೇಕು. ಎರಡು ತಿಂಗಳು ಸಾಲಾಗಿ ಏನೂ ಕಾಣದಿದ್ದರೆ ಮಾಲಕರನ್ನು ಕೇಳಿ, ಉತ್ತರ ಸರಿ ಅನಿಸದಿದ್ದರೆ ಬೇರೆ ಶಾಪ್ ಹುಡುಕೋಕೆ ಶುರು ಮಾಡಿ. ಪಾಸ್‌ಬುಕ್ ನೋಡ್ತಾ ಇರೋಕೆ ಹುಡುಗರಿಗೂ ಹೇಳಿ.