ಹೋಂಸ್ಟೇ ನಡೆಸುವವರಿಗೆ ಇಂಟರ್‌ನೆಟ್ ಮಾರ್ಕೆಟಿಂಗ್: ಒಂದೇ ದಿನದಲ್ಲಿ ಎಷ್ಟು ಕಲಿಸಬಹುದು?

ಪ್ರಶ್ನೆ: ನಂದಿ ಬೆಟ್ಟ, ಸ್ಕಂದಗಿರಿ ಸುತ್ತಮುತ್ತ ಹೋಂಸ್ಟೇ, ತೋಟದ ಮನೆ ನಡೆಸುವ ಹದಿನೈದು ಜನರಿಗೆ ಚಿಕ್ಕಬಳ್ಳಾಪುರದಲ್ಲಿ ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವೆಬ್‌ಸೈಟ್ ಎಲ್ಲವನ್ನೂ ಅಷ್ಟರಲ್ಲಿ ಮುಗಿಸಬಹುದೇ?

ಉತ್ತರ: ಹೇಳಿ ಮುಗಿಸಬಹುದು. ಆದರೆ ಮನೆಗೆ ಹೋದ ಮೇಲೆ ಯಾರೂ ಒಂದನ್ನೂ ಮಾಡುವುದಿಲ್ಲ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಹುಡುಕಾಟ ಮತ್ತು ಮ್ಯಾಪಿನಲ್ಲಿ ನಿಮ್ಮ ಹೋಂಸ್ಟೇಯನ್ನು ತೋರಿಸುವ ಪುಟ) ಮತ್ತು ವಾಟ್ಸಾಪ್ ಬಿಸಿನೆಸ್ (ವ್ಯಾಪಾರಕ್ಕೆಂದೇ ಇರುವ ವಾಟ್ಸಾಪ್ ಆ್ಯಪ್), ಇವೆರಡನ್ನೇ ಹಿಡಿಯಿರಿ. ಶನಿವಾರ ಬೆಂಗಳೂರು ಬಿಡುವವರು ಮೊದಲು ತಡಕುವುದು ಮ್ಯಾಪನ್ನೇ. ಇನ್ನೊಂದು ಮಾತು: ಒಂದಿಡೀ ದಿನ ಬೇಡ, ಎರಡು ಅರ್ಧ ದಿನ ಮಾಡಿ, ನಡುವೆ ಹತ್ತು ದಿನ ಬಿಡಿ.

ಹತ್ತು ದಿನ ಏಕೆಂದರೆ, ಹೊಸ ಪ್ರೊಫೈಲ್ ನಿಜವೇ ಎಂದು ಪರಿಶೀಲಿಸಲು ಗೂಗಲ್ ಈಗ ಹೆಚ್ಚಾಗಿ ವಿಡಿಯೊ ಕೇಳುತ್ತದೆ. ಅದನ್ನು ಸ್ಥಳದಲ್ಲೇ ನಿಂತು, ನಡುವೆ ನಿಲ್ಲಿಸದೆ, ಎಡಿಟ್ ಮಾಡದೆ, ಕನಿಷ್ಠ 30 ಸೆಕೆಂಡ್ ತೆಗೆಯಬೇಕು. ರಸ್ತೆ ಮತ್ತು ಊರಿನ ಹೆಸರಿನ ಫಲಕದಿಂದ ಜಾಗ ಯಾವುದೆಂದು ಗೊತ್ತಾಗಬೇಕು, ಹೋಂಸ್ಟೇಯ ಬೋರ್ಡು ಮತ್ತು ಕೋಣೆ ಕಾಣಬೇಕು, ಬೀಗ ತೆಗೆದು ಒಳಗೆ ಹೋಗಿ ನಡೆಸುವವರು ನೀವೇ ಎಂದು ತೋರಿಸಬೇಕು. ಸಭಾಂಗಣದಲ್ಲಿ ಕೂತು ಆಗುವ ಕೆಲಸವಲ್ಲ ಇದು. ಕಳಿಸಿದ ಮೇಲೆ ಪರಿಶೀಲನೆಗೆ ಐದು ಕೆಲಸದ ದಿನ ಹಿಡಿಯಬಹುದು. ಬೋರ್ಡೇ ಇಲ್ಲದ ತೋಟದ ಮನೆಗಳು ಸಿಕ್ಕಿಕೊಳ್ಳುವುದು ಇಲ್ಲೇ, ಹಾಗಾಗಿ ಕಾರ್ಯಾಗಾರಕ್ಕೆ ಮೊದಲೇ ಬೋರ್ಡು ಬರೆಸಲು ಹೇಳಿ. ಬೋರ್ಡಿನಲ್ಲಿ ಇರುವ ಹೆಸರೇ ಪ್ರೊಫೈಲಿನಲ್ಲೂ ಇರಲಿ. ಅದಕ್ಕೆ ‘ನಂದಿ ಬೆಟ್ಟದ ಹತ್ತಿರ ಬೆಸ್ಟ್ ಹೋಂಸ್ಟೇ’ ಎಂದು ಬಾಲ ಅಂಟಿಸಿದರೆ ಪ್ರೊಫೈಲ್ ಅಮಾನತಾಗಬಹುದು.

ದಿನ ಮಂಗಳವಾರವೋ ಬುಧವಾರವೋ ಇರಲಿ. ವಾರಾಂತ್ಯದಲ್ಲಿ ಅವರಿಗೆ ಅತಿಥಿಗಳಿರುತ್ತಾರೆ. ಡೇರಿಗೆ ಹಾಲು ಹಾಕಿ ಬರುವವರಿಗೆ ಹತ್ತೂವರೆಗೆ ಮುಂಚೆ ಬನ್ನಿ ಎನ್ನುವುದು ವ್ಯರ್ಥ. ಬಾಗೇಪಲ್ಲಿ, ಗುಡಿಬಂಡೆ ಕಡೆಯವರಿದ್ದರೆ ತೆಲುಗು ಬಲ್ಲ ಸಹಾಯಕರೊಬ್ಬರು ಬೇಕು. ಐದು ಜನಕ್ಕೆ ಒಬ್ಬ ಸಹಾಯಕರಾದರೂ ಇಲ್ಲದಿದ್ದರೆ ಹಿಂದಿನ ಸಾಲು ಅರ್ಧಕ್ಕೇ ನಿಲ್ಲುತ್ತದೆ.

ಬೆಳಗಿನ ಹೊತ್ತನ್ನು ನುಂಗುವುದು ಜಿಮೇಲ್ ಪಾಸ್‌ವರ್ಡ್. ‘ಅದು ಮಗನಿಗೆ ಗೊತ್ತು’ ಎಂಬ ಉತ್ತರ ಬಂದೇ ಬರುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, ಲಾಗಿನ್ ಆಗುತ್ತದೆಯೇ ಎಂದು ನೋಡಿಸಿ. ಪ್ರೊಫೈಲನ್ನು ಈಗಾಗಲೇ ಬೇರೆ ಯಾರೋ ಮಾಡಿಟ್ಟಿದ್ದರೆ ಹೊಸದನ್ನು ತೆರೆಯಬೇಡಿ, ಅದರ ಹಕ್ಕು ಕೇಳಿ ಕೋರಿಕೆ ಕಳಿಸಿ. ಒಂದೇ ಜಾಗಕ್ಕೆ ಎರಡು ಪ್ರೊಫೈಲ್ ಆದರೆ ರಿವ್ಯೂಗಳೂ ಹಂಚಿಹೋಗುತ್ತವೆ.

ಮ್ಯಾಪಿನಲ್ಲಿ ಜಾಗ ಗುರುತಿಸುವ ಪಿನ್ ಇಡುವಾಗ ಮನೆಯ ಚಾವಣಿಗಿಂತ ಗೇಟು ಮುಖ್ಯ. ಮ್ಯಾಪ್ ಪಿನ್‌ಗೆ ಹತ್ತಿರದ ರಸ್ತೆಗೆ ಕರೆದೊಯ್ಯುತ್ತದೆ. ಆ ರಸ್ತೆ ತೋಟದ ಹಿಂದಿದ್ದರೆ ಅತಿಥಿಗಳು ರಾತ್ರಿ ಹೊತ್ತು ದ್ರಾಕ್ಷಿ ಚಪ್ಪರದ ಬೇಲಿ ಮುಂದೆ ನಿಂತಿರುತ್ತಾರೆ. ಊರಿಗೆ ಹೊಸಬರಾದ ಒಬ್ಬರಿಗೆ ಮ್ಯಾಪ್ ಕೊಟ್ಟು, ಫೋನ್ ಮಾಡದೆ ಗೇಟಿನವರೆಗೆ ಬರಲು ಹೇಳಿ.

ಫೋಟೊ ವಿಷಯಕ್ಕೆ ಬಂದರೆ, ನಂದಿ ಬೆಟ್ಟದ ಸೂರ್ಯೋದಯ ಎಲ್ಲರ ಬಳಿಯೂ ಇದೆ. ಕುಟುಂಬ ಕರೆದುಕೊಂಡು ಬರುವವರು ಹುಡುಕುವುದು ಬಚ್ಚಲುಮನೆಯನ್ನು, ಆಮೇಲೆ ಕಾರು ನಿಲ್ಲಿಸುವ ಜಾಗವನ್ನು. ಅವೆರಡನ್ನೂ ಬೆಳಕಿರುವಾಗ, ಫೋನ್ ಅಡ್ಡ ಹಿಡಿದು ತೆಗೆಸಿ.

ಕಾರ್ಯಾಗಾರಗಳಲ್ಲಿ ಮಾಮೂಲಿ ಎಡವಟ್ಟು ಒಂದಿದೆ: ಹುರುಪಿನಲ್ಲಿ ಎಲ್ಲರೂ ಪರಸ್ಪರ ಐದು ಸ್ಟಾರ್ ಕೊಟ್ಟುಕೊಳ್ಳುವುದು. ಉಳಿದುಕೊಳ್ಳದೇ ಇರುವವರ ರಿವ್ಯೂ ನಿಯಮಕ್ಕೆ ವಿರುದ್ಧ, ಗೂಗಲ್ ಅದನ್ನು ತೆಗೆದುಹಾಕಬಹುದು. ರಿವ್ಯೂಗೆ ರಿಯಾಯಿತಿ ಕೊಡುವುದೂ ಅಷ್ಟೇ. ರಿವ್ಯೂ ಲಿಂಕಿನ ಕ್ಯೂಆರ್ ಕೋಡ್ ಮುದ್ರಿಸಿ ಊಟದ ಮೇಜಿನ ಮೇಲಿಟ್ಟರೆ ಸಾಕು.

ವಾಟ್ಸಾಪ್ ಬಿಸಿನೆಸ್‌ಗೆ ಈಗಿರುವ ವಾಟ್ಸಾಪ್ ನಂಬರನ್ನೇ ಹಾಕಿದರೆ ಆ ನಂಬರಿನ ಮಾಮೂಲಿ ವಾಟ್ಸಾಪ್ ನಿಲ್ಲುತ್ತದೆ, ಆದ್ದರಿಂದ ಮೊದಲು ಬ್ಯಾಕಪ್ ತೆಗೆಸಿ. ನಂತರ ಸಿದ್ಧ ಉತ್ತರಗಳನ್ನು ಕೂರಿಸಿ: ಊಟ ಸೇರಿ ದರ ಎಷ್ಟು, ಲೊಕೇಶನ್, ಮದ್ಯ ಮತ್ತು ಜೋರು ಸಂಗೀತದ ನಿಯಮ, ಸ್ಕಂದಗಿರಿ ಚಾರಣಕ್ಕೆ ಮೊದಲೇ ಆನ್‌ಲೈನ್ ಟಿಕೆಟ್ ಬೇಕು ಎಂಬ ಮಾಹಿತಿ.

ಕೊನೆಗೆ ಹದಿನೈದು ನಿಮಿಷ ಯುಪಿಐ ಮೋಸಕ್ಕೆ ಮೀಸಲಿಡಿ. ಸೇನೆಯವರೆಂದು ಹೇಳಿಕೊಂಡು ಹತ್ತು ಕೋಣೆ ಬುಕ್ ಮಾಡಿ, ಮುಂಗಡ ಕಳಿಸಲು ಈ ಕೋಡ್ ಸ್ಕ್ಯಾನ್ ಮಾಡಿ ಎನ್ನುವವರಿದ್ದಾರೆ. ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಒತ್ತಿದರೆ ಹಣ ಹೋಗುತ್ತದೆ. ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ನಂಬರನ್ನು ಅಲ್ಲೇ ಕೂತು ಎಲ್ಲರ ಫೋನಿನಲ್ಲೂ ಸೇವ್ ಮಾಡಿಸಿ.

ಎರಡನೇ ಅರ್ಧ ದಿನಕ್ಕೆ ಪಾಠ ಬೇಡ. ವಿಡಿಯೊ ತಿರಸ್ಕೃತವಾದವರನ್ನು ಮೊದಲು ಕೂರಿಸಿ, ಏನು ಕಾಣಲಿಲ್ಲವೆಂದು ನೋಡಿ, ಅದೇ ಸಂಜೆ ಮತ್ತೆ ತೆಗೆಯಲು ಕಳಿಸಿ.